ಕಾಲು ಕಡಿಯುವ ಮೊದಲು ನಾಡಿ ಹಿಡಿದು ನೋಡಿರಿ!

ಸಂಗೊಳ್ಳಿಯ ಹಿರಿಯರೊಬ್ಬರು ಕೈಯಲ್ಲಿ ಒಂದು ಕಾಗದ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಮೂವತ್ತು ವರುಷ ಗಿರಣಿಯ ನೂಲುವ ಖಾತೆಯಲ್ಲಿ ಪಾಳಿ ದುಡಿದವರು. ಬಸ್‌ಸ್ಟ್ಯಾಂಡಿನಿಂದ ನಮ್ಮ ಕಚೇರಿ ಐದು ನಿಮಿಷದ ಹಾದಿ; ಅವರಿಗೆ ಅರ್ಧ ಗಂಟೆ ಹಿಡಿದಿತ್ತು. ಕುರ್ಚಿಯ ಮೇಲೆ ಕೂತು ಮೀನಗಂಡ ನೀವಿಕೊಳ್ಳುತ್ತ ಹೇಳಿದರು: “ನೂರು ಹೆಜ್ಜಿ ಹಾಕಿದ್ರ ಕಾಲು ಹಿಂಡಿದಂಗ ಆಗತೈತ್ರಿ. ನಿಂತ್ರ ಬಿಡತೈತಿ. ಮತ್ತ ನಡದ್ರ ಮತ್ತ ಹಿಡೀತೈತಿ. ಮಂದಿ ನೋಡ್ತಾರಂತ ಅಂಗಡಿ ಮುಂದ ನಿಂತು ಸಾಮಾನು ನೋಡಿದಂಗ ಮಾಡ್ತೀನ್ರಿ.”

ಕಾಗದ ಇಂಗ್ಲಿಷಿನಲ್ಲಿತ್ತು. “ಇದರಾಗ ಏನ ಬರದಾರ ಓದಿ ಹೇಳ್ರಿ ಸಾಹೇಬ್ರ” ಎಂದರು. ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸತಕ್ಕದ್ದೆಂದು ಅದರಲ್ಲಿ ಬರೆದಿತ್ತು. ದಿನವನ್ನೂ ಗೊತ್ತುಮಾಡಿದ್ದರು. ಕಾಲ ತುದಿಯ ಎರಡು ಬೆರಳು ಕಪ್ಪಾಗಿದ್ದವು, ನಿಜ. ಆದರೆ ಯಾವ ಪರೀಕ್ಷೆ ಮಾಡಿ ಈ ತೀರ್ಪು ಕೊಟ್ಟರು? ರಕ್ತದಲ್ಲಿ ಸಕ್ಕರೆ ಎಷ್ಟೆಂದು ನೋಡಿದ್ದರು. ಪಾದದ ಎಕ್ಸ್‌ರೇ ತೆಗೆದಿದ್ದರು. ಪಾದಕ್ಕೆ ರಕ್ತ ಹೋಗುತ್ತಿದೆಯೋ ಇಲ್ಲವೋ, ಹೋಗದಿದ್ದರೆ ಎಲ್ಲಿ ತಡೆದಿದೆ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದವರೇ ಇಲ್ಲವೆಂದು ಅವರು ಆಣೆ ಮಾಡಿ ಹೇಳಿದರು. ಯಾವ ದವಾಖಾನೆಯೆಂದು ನಾವಿಲ್ಲಿ ಬರೆಯುವುದಿಲ್ಲ. ಒಂದರ ಹೆಸರು ಬರೆದರೆ ಉಳಿದವು ತಾವು ಪಾರಾದೆವೆಂದು ತಿಳಿದಾವು.

ಪರಿಚಯದ ವೈದ್ಯರೊಬ್ಬರು ನಾಡಿ ಹಿಡಿದು ನೋಡಿದರು. ಪಾದದಲ್ಲಿ ನಾಡಿ ಸಿಗಲಿಲ್ಲ, ತೊಡೆಸಂದಿನಲ್ಲಿ ಸಿಕ್ಕಿತು. “ಕಟ್ಟಿದ್ದು ತೊಡೆಯ ನಾಳ. ಕೊಯ್ಯದೆ ಬಿಡಿಸಲಿಕ್ಕೆ ಬರಬಹುದು, ಆದರೆ ತಡಮಾಡಬೇಡಿರಿ” ಎಂದರು. ಮಗ ಅಪ್ಪನನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟ. ಸಂಗೊಳ್ಳಿಯ ಮನುಷ್ಯ ರಾಣಿ ಚೆನ್ನಮ್ಮನ ಹೆಸರಿನ ರೈಲು ಹತ್ತಿ, ರಾತ್ರಿಯಿಡೀ ಕಾಲನ್ನು ಸೀಟಿನ ಕೆಳಗೆ ಜೋಲುಬಿಟ್ಟು ಕೂತು (ಮಲಗಿದರೆ ನೋವು ತಡೆಯಲಾಗದು, ಇಳಿಬಿಟ್ಟರೆ ತುಸು ರಕ್ತ ಇಳಿಯುತ್ತದೆ), ಬೆಳಿಗ್ಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರು! 2016ರಲ್ಲಿ ಆ ನಿಲ್ದಾಣಕ್ಕೆ ರಾಯಣ್ಣನ ಹೆಸರಿಟ್ಟಾಗ ನಾವೂ ಹಿಗ್ಗಿದ್ದೆವು. ಈಗಲೂ ಹಿಗ್ಗುತ್ತೇವೆ. ಆದರೆ ರಾಯಣ್ಣನ ಊರಿನವನ ಕಾಲು ಉಳಿಯಬೇಕಾದರೆ ರಾಯಣ್ಣನ ಹೆಸರಿನ ನಿಲ್ದಾಣದ ತನಕ ಸುಮಾರು ಐನೂರು ಕಿಲೋಮೀಟರ್ ಹೋಗಬೇಕೆಂದಿದ್ದರೆ, ಹೆಸರಿಟ್ಟವರು ಊರಿಗೆ ಕೊಟ್ಟಿದ್ದೇನು?

ಅಲ್ಲಿ ನಾಳ ಬಿಡಿಸಿದರು. ಎರಡು ಬೆರಳು ಹೋದವು, ಕಾಲು ಉಳಿಯಿತು. ಮಗನದು ಚಿಕ್ಕ ಕಿರಾಣಿ ಅಂಗಡಿ, ಮನೆಯದು ಎ.ಪಿ.ಎಲ್. ಕಾರ್ಡು. ಬಿಲ್ಲು ಲಕ್ಷ ದಾಟಿತ್ತು. ಸೊಸೈಟಿಯ ಸಾಲ ಸಾಲದೆ ಬಡ್ಡಿಯವರ ಬಾಗಿಲಿಗೂ ಹೋದರು.

ರೋಗವೇನೆಂಬುದನ್ನು ಮೊದಲು ತಿಳಿದುಕೊಳ್ಳೋಣ; ತಿಳಿಯದವನಿಗೆ ಮೋಸ ಮಾಡುವುದು ಸುಲಭ. ಹೃದಯದಿಂದ ಹೊರಟ ರಕ್ತ ಹೊಟ್ಟೆಯ ದೊಡ್ಡ ನಾಳದಲ್ಲಿ ಇಳಿದು, ಸೊಂಟದಲ್ಲಿ ಎರಡಾಗಿ, ತೊಡೆ, ಮೀನಗಂಡ, ಪಾದಗಳಿಗೆ ಹಂಚಿಕೆಯಾಗುತ್ತದೆ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಬಾಲದ ಹೊಲ. ಹಾಗೆಯೇ ನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಮೆತ್ತಿಕೊಂಡು ದಾರಿ ಕಿರಿದಾದರೆ ಮೊದಲು ಸೊರಗುವುದು ಕಾಲ್ಬೆರಳು. ಮೊದಮೊದಲು ನಡೆದಾಗ ಮಾತ್ರ ನೋವು. ಮುಂದೆ ಮಲಗಿದಲ್ಲಿಯೂ ನೋವು. ಆಮೇಲೆ ಮಾಯದ ಹುಣ್ಣು, ಕಪ್ಪಾಗುವ ಬೆರಳು. ಬಾಲದ ಹೊಲ ಒಣಗಿತೆಂದು ಯಾವ ಒಕ್ಕಲಿಗನೂ ಹೊಲವನ್ನೇ ಕಿತ್ತು ಬಿಸಾಡುವುದಿಲ್ಲ, ಮೊದಲು ಹೂಳು ತೆಗೆಯಿರೆಂದು ಕೂಗುತ್ತಾನೆ. (ನೀರಾವರಿ ಖಾತೆಯವರು ಅದನ್ನೂ ತೆಗೆಯುವುದಿಲ್ಲವೆಂಬುದು ಬೇರೆ ಮಾತು.)

ಈ ಹೂಳು ತೆಗೆಯುವ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಪಟ್ಟಣದಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣ ವೈದ್ಯ ಇದನ್ನು ಮೊದಲು ಮಾಡಿ ತೋರಿಸಿದ. ರೋಗಿ 82 ವಯಸ್ಸಿನ ಮುದುಕಿ. ಬೆರಳು ಕೊಳೆಯುತ್ತಿದ್ದವು, ಕಾಲು ಕಡಿಯಬೇಕೆಂದು ಶಸ್ತ್ರವೈದ್ಯರು ಹೇಳಿದರೆ ಆಕೆ ಸುತರಾಂ ಒಪ್ಪಲಿಲ್ಲ. ಡಾಟರ್ ತೊಡೆಯ ನಾಳದೊಳಗೆ ಮೊದಲು ತೆಳ್ಳನೆಯ ತಂತಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ನಳಿಗೆಗಳನ್ನು ತೂರಿಸಿ ದಾರಿ ಹಿಗ್ಗಿಸಿದ. ಪಾದ ಬೆಚ್ಚಗಾಯಿತು. ಮುದುಕಿ ಮುಂದೆ ಬದುಕಿದ್ದಷ್ಟು ದಿನ ತನ್ನ ಕಾಲಿನ ಮೇಲೆಯೇ ನಡೆದಾಡಿದಳು. ಡಾಟರನನ್ನು ಅವನ ದೇಶದ ದೊಡ್ಡ ಶಸ್ತ್ರವೈದ್ಯರೇ ಹುಚ್ಚನೆಂದು ನಕ್ಕರು. ಹತ್ತು ವರುಷ ಕಳೆದ ಮೇಲೆ, 1974ರಲ್ಲಿ, ಜ್ಯೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬಾತ ನಳಿಗೆಯ ತುದಿಗೆ ಬಲೂನು ಕಟ್ಟಿ, ಕಟ್ಟಿದ ನಾಳದೊಳಗೆ ಅದನ್ನು ಉಬ್ಬಿಸಿ ದಾರಿ ಬಿಡಿಸಿದ. ಆ ಬಲೂನನ್ನು ಆತ ತನ್ನ ಮನೆಯ ಅಡಿಗೆಯ ಮೇಜಿನ ಮೇಲೆ ಅಂಟು ದಾರ ಹಚ್ಚಿ ಕೈಯಿಂದ ಮಾಡಿಕೊಂಡಿದ್ದನೆಂಬುದನ್ನು ನಮ್ಮ ಕಾಮಗಾರ ಬಂಧುಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೈಕಸುಬಿನಿಂದ ಹುಟ್ಟಿದ ವಿದ್ಯೆ ಇದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಡಾಟರ್ ಬಿಡಿಸಿದ್ದು ಕಾಲಿನ ನಾಳ. ಗ್ರುಂಟ್‌ಜಿಗ್ ಮೊದಲು ಬಿಡಿಸಿದ್ದೂ ಕಾಲಿನ ನಾಳ. ಅದೇ ಬಲೂನು ಹೃದಯಕ್ಕೆ ಹೋದದ್ದು ಮೂರು ವರುಷ ತಡವಾಗಿ, 1977ರಲ್ಲಿ. ಅಂದರೆ ಈ ಚಿಕಿತ್ಸೆಯಲ್ಲಿ ಕಾಲು ಅಣ್ಣ, ಹೃದಯ ತಮ್ಮ. ಇಂದು ತಮ್ಮನಿಗೆ ಊರಿಗೊಂದು ಫಲಕ. ಅಣ್ಣನ ಹೆಸರು ಹೇಳುವವರಿಲ್ಲ.

ಇಂದು ಇದನ್ನು ಮಾಡುವ ಬಗೆ ಹೀಗೆ: ತೊಡೆಸಂದಿನಲ್ಲಿ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಕೊಟ್ಟು, ಅಲ್ಲಿಂದ ತಂತಿ ತೂರಿಸಿ, ಔಷಧದ ಬಣ್ಣ ಬಿಟ್ಟು ಪರದೆಯ ಮೇಲೆ ನಾಳದ ಚಿತ್ರ ನೋಡುತ್ತ, ಕಟ್ಟಿದ ಜಾಗದಲ್ಲಿ ಬಲೂನು ಉಬ್ಬಿಸುತ್ತಾರೆ. ಮತ್ತೆ ಕುಸಿಯುವಂತಿದ್ದರೆ ಸ್ಟೆಂಟ್ ಎಂಬ ಲೋಹದ ಜಾಲರಿ ನಳಿಗೆಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಕೊಯ್ತವಿಲ್ಲ, ಹೊಲಿಗೆಯಿಲ್ಲ. ಬೇರೆ ತೊಡಕಿಲ್ಲದವನು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾನೆ.

ಸ್ಟೆಂಟಿನ ಬೆಲೆಯ ಕಥೆ ಕೇಳಿರಿ. ವಕೀಲ ಬಿರೇಂದರ್ ಸಾಂಗ್ವಾನ್ ದಿಲ್ಲಿಯ ಹೈಕೋರ್ಟಿನಲ್ಲಿ ದಾವೆ ಹೂಡಿ ಬೆನ್ನು ಹತ್ತಿದ ಮೇಲೆ, 2016ರಲ್ಲಿ ಹೃದಯದ ಸ್ಟೆಂಟನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದರು. 2017ರ ಫೆಬ್ರುವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರವು ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ ಎಂದು ಮಿತಿ ಹಾಕಿತು. ಅದಕ್ಕೂ ಹಿಂದಿನ ದಿನದ ತನಕ ಲೇಪದ ಸ್ಟೆಂಟನ್ನು ಲಕ್ಷ, ಲಕ್ಷಕ್ಕೂ ಮೇಲೆ ಮಾರುತ್ತಿದ್ದರು. ಒಂದು ರಾತ್ರಿಯಲ್ಲಿ ಶೇಕಡಾ 85ರ ತನಕ ಬೆಲೆ ಇಳಿಯಿತು. ಕಂಪನಿಗಳು ದಿವಾಳಿ ಎದ್ದವೇ? ಆಕಾಶ ಕಳಚಿ ಬಿದ್ದಿತೇ? ಇಳಿಸಿದ ಆ ಹಣವೆಲ್ಲ ಮೊದಲು ಯಾರ ತಿಜೋರಿಗೆ ಹೋಗುತ್ತಿತ್ತೆಂದು ಕೇಳಲು ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೆ ಅಧಿಕಾರವಿದೆ. ತೊಗರಿಬೇಳೆಯ ಮೇಲೆ ಕಿಲೋಕ್ಕೆ ಎರಡು ರೂಪಾಯಿ ಹೆಚ್ಚಿಟ್ಟರೆ ಇವರಿಗೆ ಕಾಳಸಂತೆಕೋರರೆಂದು ಹೆಸರು!

ಆ ಆದೇಶ ಹೃದಯದ ಸ್ಟೆಂಟಿಗೆ ಮಾತ್ರ. ಕಾಲಿನ ಸ್ಟೆಂಟನ್ನು, ಕಾಲಿನ ಬಲೂನನ್ನು ಹೊರಗೇ ಬಿಟ್ಟರು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಔಷಧವೆಂದು ಎಣಿಸಿ, ವರುಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆಂದರು. ಇದು ಹತ್ತಿ ಕುಳಿತವನಿಗೆ ಇನ್ನು ಮೆಲ್ಲಗೆ ಹತ್ತು ಎಂದಂತೆ. ಕೆಳಗೆ ಇಳಿಯೆಂದು ಯಾರೂ ಹೇಳಲಿಲ್ಲ. ಕಾಲಿನದು ಉದ್ದದ ಜಾಲರಿ, ನಡೆದಾಗ ಮಡಚಿ ಬಗ್ಗಿದರೂ ಮುರಿಯಬಾರದು, ಆದ್ದರಿಂದ ಬೇರೆ ಲೋಹ, ಬೇರೆ ಖರ್ಚು ಎಂದು ಕಂಪನಿಯವರು ಹೇಳುತ್ತಾರೆ. ಇರಲಿ. ಆ ಖರ್ಚಿನ ಲೆಕ್ಕವನ್ನು ಪ್ರಾಧಿಕಾರದ ಮುಂದೆ ತಂದಿಡಲಿ, ಅದರ ಮೇಲೆ ನ್ಯಾಯವಾದ ಲಾಭ ಸೇರಿಸಿ ಬೆಲೆ ಗೊತ್ತುಮಾಡಲಿ. ಹೃದಯದ ಸ್ಟೆಂಟಿಗೆ ಮಾಡಿದ್ದು ಕಾಲಿಗೆ ಏಕೆ ಆಗದು? ಹೃದಯದ ಬೇನೆ ಮಂತ್ರಿಗಳಿಗೂ ಬರುತ್ತದೆ, ಕಾಲು ಕೊಳೆಯುವುದು ನಮ್ಮವರಲ್ಲಿಯೇ ಹೆಚ್ಚು ಎಂಬುದಲ್ಲದೆ ಬೇರೆ ಕಾರಣ ನಮಗೆ ತೋರುವುದಿಲ್ಲ.

ಸರಕಾರದವರು ಕಾರ್ಡು ತೋರಿಸುತ್ತಾರೆ. 2018ರಿಂದ ನಡೆದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಉಚಿತ. ಕಾಲಿನ ನಾಳ ಹಿಗ್ಗಿಸುವುದೂ ಪಟ್ಟಿಯಲ್ಲಿದೆ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳುತ್ತೇವೆ. ಆದರೆ ಎ.ಪಿ.ಎಲ್.ನವರಿಗೆ ಸರಕಾರ ಕೊಡುವುದು ಗೊತ್ತುಮಾಡಿದ ದರದ ಶೇಕಡಾ 30 ಮಾತ್ರ, ಅದೂ ವರುಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಬೈಲಹೊಂಗಲದ ಪೇಟೆಯಲ್ಲಿ ಉದ್ರಿ ಕೊಟ್ಟು ಉದ್ರಿ ತಂದು ಅಂಗಡಿ ನಡೆಸುವವನು ಶ್ರೀಮಂತನೆಂದು ಬರೆದುಕೊಂಡವರು ಯಾರು? ಉಚಿತವಿದ್ದವನಿಗಾದರೂ, ತುರ್ತು ಸಂದರ್ಭ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಸರಕಾರಿ ದವಾಖಾನೆಯ ಶಿಫಾರಸು ಚೀಟಿ ಬೇಕು. ಪಾದದ ನಾಡಿಯನ್ನೇ ನೋಡದ ದವಾಖಾನೆ ಚೀಟಿಯಲ್ಲಿ ಏನೆಂದು ಬರೆದೀತು?

ಗಿರಣಿಯವರಿಗೆ ಇ.ಎಸ್.ಐ. ಇದೆ. 1948ರ ಕಾಯದೆಯಿಂದ ಬಂದದ್ದು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ, ಪಗಾರದಿಂದ ಮುರಿದುಕೊಂಡೇ ಕೊಟ್ಟದ್ದು. ಐದು ವರುಷಕ್ಕೆ ಕಡಿಮೆಯಿಲ್ಲದೆ ವಿಮೆಯಲ್ಲಿದ್ದು ನಿವೃತ್ತನಾದ ಕಾಮಗಾರನು ವರುಷಕ್ಕೆ 120 ರೂಪಾಯಿ ತುಂಬಿದರೆ ತನಗೂ ಹೆಂಡತಿಗೂ ವೈದ್ಯಕೀಯ ನೆರವು ಪಡೆಯಬಹುದೆಂದು ಅದರ ನಿಯಮಗಳಲ್ಲಿ ಬರೆದುಕೊಂಡು ಬಂದಿದ್ದಾರೆ. ನಮ್ಮ ಸಂಗೊಳ್ಳಿಯ ಹಿರಿಯರಿಗೆ ಈ ಮಾತನ್ನು ಹೇಳಿದವರೇ ಇಲ್ಲ. ಗಿರಣಿಯ ಕಚೇರಿಯೂ ಹೇಳಲಿಲ್ಲ. ನಾಚಿಕೆಯಿಂದ ಬರೆಯುತ್ತೇವೆ, ಯೂನಿಯನ್ನೂ ಹೇಳಲಿಲ್ಲ.

ಒಂದು ಕಡೆ ನೋಡದೆ ಕಡಿಯುವವರಿದ್ದರೆ, ಇನ್ನೊಂದು ಕಡೆ ಬೇಡದಿದ್ದರೂ ಸ್ಟೆಂಟ್ ಹಾಕುವವರಿದ್ದಾರೆ. ಇವರೂ ಅವರ ಅಣ್ಣತಮ್ಮಂದಿರೇ. ನಡೆದಾಗ ಮಾತ್ರ ನೋವು ಬರುವವನಿಗೆ ಮೊದಲ ಔಷಧ ನಡಿಗೆಯೇ: ನೋವು ಬರುವ ತನಕ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ, ಮೂರು ತಿಂಗಳು. ಪಕ್ಕದ ಸಣ್ಣ ನಾಳಗಳು ಹಿಗ್ಗುತ್ತವೆ, ಸ್ನಾಯು ಇದ್ದ ರಕ್ತದಲ್ಲಿಯೇ ದುಡಿಯಲು ಕಲಿಯುತ್ತದೆ. ಅಮೆರಿಕದಲ್ಲಿ ಸೊಂಟದ ನಾಳ ಕಟ್ಟಿದವರ ಮೇಲೆ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು: ಆರು ತಿಂಗಳ ಕೊನೆಗೆ, ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಮೇಲ್ವಿಚಾರಣೆಯಲ್ಲಿ ನಡಿಗೆ ಮಾಡಿದವರೇ ಹೆಚ್ಚು ಹೊತ್ತು ನಡೆಯಬಲ್ಲವರಾಗಿದ್ದರು. ನಡಿಗೆಗೆ ಬಿಲ್ಲಿಲ್ಲ, ಆದಕಾರಣ ಅದನ್ನು ಬರೆದುಕೊಡುವವರು ಕಡಿಮೆ. ಇನ್ನು ಬೆರಳು ಕಪ್ಪಾದವರಲ್ಲಿಯೂ ಎಲ್ಲರಿಗೆ ಬಲೂನೇ ಮೇಲೆಂದಲ್ಲ. 2022ರ ಒಂದು ದೊಡ್ಡ ಪರೀಕ್ಷೆಯಲ್ಲಿ, ಕಾಲಿನದೇ ಒಳ್ಳೆಯ ನರ ಸಿಕ್ಕರೆ ಅದನ್ನು ಜೋಡಿಸಿ ಬೇರೆ ದಾರಿ ಮಾಡುವ ಹಳೆಯ ಶಸ್ತ್ರಕ್ರಿಯೆಯೇ ಹೆಚ್ಚು ಕಾಲು ಉಳಿಸಿತೆಂದು ಕಂಡಿತು. 2023ರಲ್ಲಿ ಇಂಗ್ಲೆಂಡಿನವರು ಮೊಣಕಾಲಿನ ಕೆಳಗಿನ ನಾಳಗಳಲ್ಲಿ ಬಲೂನಿಗೆ ಮೊದಲ ಸ್ಥಾನವೆಂದರು. ಬಣ್ಣದ ಔಷಧದಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಸಕ್ಕರೆ ಬೇನೆಯವನಿಗೆ ಈ ಭಯ ಹೆಚ್ಚು. ಬಿಡಿಸಿದ ನಾಳ ಮತ್ತೆ ಕಟ್ಟಲೂಬಹುದು. ಹೀಗಿರಲು ಯಾವ ಕಾಲಿಗೆ ಯಾವುದೆಂದು ಹೇಳಬೇಕಾದವನು ಪಗಾರಿ ವೈದ್ಯ, ನಾಳ ಬಲ್ಲವನು. ಸ್ಟೆಂಟ್ ಎಷ್ಟು ಹೋಯಿತೆಂದು ತಿಂಗಳ ಕೊನೆಗೆ ಎಣಿಸುವವನಲ್ಲ.

ನಮ್ಮವರ ಹೊಣೆಯನ್ನೂ ಮುಚ್ಚಿಡುವುದಿಲ್ಲ. ಕಾಲಿನ ನಾಳಕ್ಕೆ ಬೀಡಿಯಂಥ ಶತ್ರು ಇನ್ನೊಂದಿಲ್ಲ. ತಂಬಾಕಿನಿಂದಲೇ ಬರುವ ಬೇರೆ ಒಂದು ಕಾಲುಬೇನೆ ಇದೆ, 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯ ಅದನ್ನು ವಿವರಿಸಿದ್ದರಿಂದ ಅವನದೇ ಹೆಸರು ಅದಕ್ಕೆ. ಮೂವತ್ತು, ನಲವತ್ತರ ಗಂಡಸರ ಬೆರಳನ್ನು ಅದು ತಿನ್ನುತ್ತದೆ. ಅದಕ್ಕೆ ಬಲೂನು ಹೆಚ್ಚು ಕೆಲಸ ಮಾಡುವುದಿಲ್ಲ. ತಂಬಾಕು ಪೂರ್ತಿ ಬಿಟ್ಟವನ ಕಾಲು ಉಳಿಯುತ್ತದೆ, “ದಿನಕ್ಕ ಎರಡ ಅಷ್ಟರಿ” ಎನ್ನುವವನದು ಉಳಿಯುವುದಿಲ್ಲ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಬೀಡಿ ಹಚ್ಚುವುದು ನಮಗೆ ಗೊತ್ತಿಲ್ಲದ್ದಲ್ಲ. ಬೀಡಿ ಕಟ್ಟುವ ನಿಪ್ಪಾಣಿಯ ಅಕ್ಕತಂಗಿಯರ ಹೊಟ್ಟೆಯ ಪ್ರಶ್ನೆಯೂ ನಮಗೆ ಗೊತ್ತಿದೆ. ಆದರೆ ಸರಕಾರ ಮಾಡುತ್ತಿರುವುದೇನು? 2017ರಲ್ಲಿ ಜಿ.ಎಸ್.ಟಿ. ತರುವಾಗ ಬೀಡಿ ಕಾಮಗಾರರ ಕಲ್ಯಾಣನಿಧಿಯ ಸೆಸ್ಸನ್ನು ರದ್ದು ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಬೀಡಿಯ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಲು ಜಿ.ಎಸ್.ಟಿ. ಮಂಡಳಿ ನಿರ್ಧರಿಸಿತು. ಕಟ್ಟುವವಳ ನಿಧಿ ಹೋಯಿತು, ಸೇದುವವನಿಗೆ ಬೀಡಿ ಅಗ್ಗ. ನಡುವೆ ಉಳಿದ ಲಾಭ ಕಾರಖಾನೆಯ ಧಣಿಗೆ.

ಸಕ್ಕರೆ ಬೇನೆಯದು ಇನ್ನೂ ಕಳ್ಳದಾರಿ. ಪಾದದ ಸ್ಪರ್ಶವೇ ಸತ್ತಿರುತ್ತದೆ, ನಾಳ ಕಟ್ಟಿದರೂ ನೋವು ತಿಳಿಯುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಹೋಗಿಬಂದು, ಮುಳ್ಳು ನಟ್ಟದ್ದು ವಾರದ ಮೇಲೆ ವಾಸನೆ ಬಂದಾಗ ಗೊತ್ತಾದವರನ್ನು ನಾವು ಬಲ್ಲೆವು. ತಾಯಿ ಚಪ್ಪಲಿ ಹಾಕಿಕೊಂಡು ಹಾದಿ ನಡೆದವರ ಮೇಲೆ ಮುನಿಯುವವಳಲ್ಲ, ಗುಡಿಯ ಬಾಗಿಲಲ್ಲಿ ಬಿಟ್ಟರಾಯಿತು. ದಿನವೂ ರಾತ್ರಿ ಪಾದ ನೋಡಿಕೊಳ್ಳಿರಿ, ಅಂಗಾಲು ಕಾಣದಿದ್ದರೆ ಹೆಂಡತಿಗೋ ಮೊಮ್ಮಗನಿಗೋ ತೋರಿಸಿರಿ. ಇನ್ನೊಂದನ್ನು ಮರೆಯಬೇಡಿರಿ: ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ತಡೆಯಲಾರದ ನೋವು ಬಂದರೆ ಅದು ಹೆಪ್ಪುಗಟ್ಟಿದ ರಕ್ತ ಬಂದು ಸಿಕ್ಕಿಕೊಂಡದ್ದು. ಆರು ತಾಸಿನ ಆಟ ಅದು. ಎಣ್ಣೆ ತಿಕ್ಕುತ್ತ, ಕಾವು ಕೊಡುತ್ತ ಬೆಳಗು ಮಾಡಿದರೆ ಕಾಲು ಹೋಯಿತು.

ಸರಕಾರ ಕೋಟಿಗಟ್ಟಲೆ ಸುರಿದು ನಾಳೆಯೇ ಪ್ರತಿ ತಾಲೂಕಿನಲ್ಲಿ ನಾಳ ಬಿಡಿಸುವ ಶಾಲೆ ಕಟ್ಟಲೆಂದು ನಾವು ಹೇಳುತ್ತಿಲ್ಲ. ರಕ್ತದೊತ್ತಡದ ಪಟ್ಟಿ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಇದೆ. ಅದರ ಜೊತೆಗೆ ನಾಡಿಯ ಸಪ್ಪಳ ಕೇಳಿಸುವ ಕೈಡಾಪ್ಲರ್ ಬೇಕು, ಕೆಲವೇ ಸಾವಿರ ರೂಪಾಯಿಯ ಉಪಕರಣ. ತೋಳಿನ ಒತ್ತಡ, ಕಣಕಾಲಿನ ಒತ್ತಡ ಎರಡನ್ನೂ ಅಳೆದು, ಕಾಲಿನದನ್ನು ತೋಳಿನದರಿಂದ ಭಾಗಿಸಬೇಕು. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ. ಸಕ್ಕರೆ ಬೇನೆಯವರಲ್ಲಿ ನಾಳ ಸುಣ್ಣಗಟ್ಟಿ ಲೆಕ್ಕ ತಪ್ಪು ತೋರಬಹುದು, ಅಂಥವರ ಬೆರಳಿನ ಒತ್ತಡ ಅಳೆಯಬೇಕು. ದಾದಿಯೊಬ್ಬಳು ಒಂದು ದಿನದಲ್ಲಿ ಕಲಿಯುವ ವಿದ್ಯೆ. ಕಾಲ ನಾಳ ಕಟ್ಟಿದವನಿಗೆ ಹೃದಯದ, ಮೆದುಳಿನ ನಾಳವೂ ಕಟ್ಟುವ ಭಯ ಹೆಚ್ಚು. ಆದ್ದರಿಂದ ಈ ಪರೀಕ್ಷೆಯಿಂದ ಕಾಲಷ್ಟೇ ಅಲ್ಲ, ಜೀವವೂ ಉಳಿದೀತು.

ಆದಕಾರಣ ನಾವು ಕೇಳುವುದು ಇಷ್ಟು. ಸೋಂಕು ಏರಿ ಜೀವಕ್ಕೇ ಕುತ್ತು ಬಂದ ಸಂದರ್ಭವೊಂದನ್ನು ಬಿಟ್ಟು, ನಾಳದ ಪರೀಕ್ಷೆಯ ಫಲಿತಾಂಶ ಜೊತೆಗಿಲ್ಲದ ಯಾವ ಕಾಲು ಕಡಿಯುವ ಕಾಗದಕ್ಕೂ ಸರಕಾರದ ಯೋಜನೆಯಿಂದ ಹಣ ಸಂದಾಯವಾಗಬಾರದು. ಸಮ್ಮತಿಯ ಕಾಗದ ಕನ್ನಡದಲ್ಲಿರಬೇಕು. ಕಾಲಿನ ಸ್ಟೆಂಟು, ಬಲೂನುಗಳನ್ನು ಬೆಲೆಯ ಮಿತಿಯೊಳಗೆ ತರಬೇಕು. ಬೆಳಗಾವಿ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕಾಲಿನ ನಾಳಕ್ಕೆಂದೇ ವೈದ್ಯರನ್ನು ನೇಮಿಸಿ, ವಾರಕ್ಕೆ ಇಂತಿಷ್ಟು ದಿನವೆಂದು ಗೊತ್ತುಮಾಡಬೇಕು.

ಕೃತಕ ಕಾಲಿನ ಶಿಬಿರಗಳಾಗುತ್ತವೆ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ವೈದ್ಯ ಪಿ.ಕೆ. ಸೇಠಿಯವರೊಡನೆ ಸೇರಿ ಮಾಡಿದ ಕಾಲು ಎಷ್ಟೋ ಬಡವರನ್ನು ನಡೆಸಿದೆ, ಅದಕ್ಕೆ ನಮ್ಮ ನಮಸ್ಕಾರ. ಆದರೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೃತಕ ಕಾಲು ಹಂಚುವ ಸನ್ಮಾನ್ಯರು, ಎದುರಿಗೆ ಕೂತವರಲ್ಲಿ ಎಷ್ಟು ಜನರ ಸ್ವಂತ ಕಾಲು ಉಳಿಸಬಹುದಿತ್ತೆಂದು ಒಮ್ಮೆಯಾದರೂ ಕೇಳಿದ್ದಾರೆಯೇ?

ನಮ್ಮ ಹಿರಿಯರು ಈಗ ಬೀಡಿ ಬಿಟ್ಟಿದ್ದಾರೆ, ಮಲಪ್ರಭೆಯ ದಂಡೆಯ ತನಕ ನಡೆಯುತ್ತಾರೆ. ಬಡ್ಡಿ ಮಾತ್ರ ಇನ್ನೂ ತೀರಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಓದುಗರಲ್ಲಿ ಒಂದು ಬಿನ್ನಹ. ಕಾಲುನೋವೆಂದು ಸರಕಾರಿ ದವಾಖಾನೆಗೆ ಹೋದಾಗ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ನೋಡಿದರೇ, ಇಲ್ಲವೇ, ಅಲ್ಲಿ ಡಾಪ್ಲರ್ ಇದೆಯೇ, ಇಲ್ಲವೇ ಎಂದು ಎರಡು ಸಾಲು ಕಾರ್ಡಿನ ಮೇಲೆ ಬರೆದು ನಮಗೆ ಕಳಿಸಿರಿ. ಊರು, ತಾರೀಖು ಇರಲಿ, ನಿಮ್ಮ ಹೆಸರು ಬೇಡ. ಬಂದಷ್ಟನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳ ಮೇಜಿನ ಮೇಲೆ ಇಡುತ್ತೇವೆ, ಅವರು ಕೊಟ್ಟ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.